ಪಲ್ಪರ್ ಓಡುವಾಗ ಕೇಳಿದ ಗಿಟಾರು

ನನ್ನ ಹೊಟ್ಟೆಕಿಚ್ಚು ಹುಟ್ಟಿನಿಂದ ಬಂದದ್ದಲ್ಲ, ಅಮ್ಮತ್ತಿಯಿಂದ ಬಂದದ್ದು. ಅಮ್ಮತ್ತಿ ಹತ್ತಿರದ ಒಂದು ಎಸ್ಟೇಟಿಗೆ ನನ್ನ ಕಾಲೇಜಿನ ಗೆಳತಿಯನ್ನು ಮದುವೆ ಮಾಡಿ ಕೊಟ್ಟಿದ್ದರು. ದೊಡ್ಡ ಬಂಗಲೆ, ಬಾಗಿಲಲ್ಲಿ ಜೀಪು, ಕರೆದರೆ ಓಡಿ ಬರುವ ಆಳುಗಳು. ಅದ್ಯಾವುದಕ್ಕೂ ನಾನು ಕಣ್ಣು ಹಾಕಲಿಲ್ಲ. ಗಂಡ ನೋಡಲು ಚೆನ್ನಾಗಿದ್ದರು, ಅದಕ್ಕೂ ಕಣ್ಣು ಹಾಕಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅವಳ ಮನೆಯ ಹಾಲಿನ ಮೂಲೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದ್ದ ಚಪ್ಪಟೆ ರಟ್ಟಿನ ಡಬ್ಬಿಗಳನ್ನು ನೋಡಿ. ಒಂದೊಂದರಲ್ಲೂ ಒಂದು ಟೇಪಿನ ಸುರುಳಿ. ಸ್ಪೂಲ್ ಅನ್ನುತ್ತಿದ್ದೆವು. ಒಂದೊಂದು ಸ್ಪೂಲಿನಲ್ಲೂ ಒಂದೊಂದು ಸಂಜೆ ಒಬ್ಬನೇ ಮನುಷ್ಯ ಜನರ ಮುಂದೆ ನಿಂತು ಗಿಟಾರು ಬಾರಿಸಿದ್ದು ಇತ್ತು.

ಆ ಗಿಟಾರಿನವನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಗ್ರಾಮಫೋನ್ ಪ್ಲೇಟು ಕೇಳಿದವರೆಲ್ಲ ‘ಓ, ನಮಗೂ ಗೊತ್ತು’ ಅನ್ನುತ್ತಾರೆ, ಆ ಉರಿ ಬೇರೆ ಯಾಕೆ. ಪ್ಲೇಟಿನಲ್ಲಿ ಅವನು ಎಲ್ಲರಿಗೂ ಸಿಗುತ್ತಿದ್ದ. ಆದರೆ ಪ್ಲೇಟಿನಲ್ಲಿ ಅವನು ನೂರು ಸಲ ಕೇಳಿದರೂ ಅದನ್ನೇ ಬಾರಿಸುತ್ತಾನೆ. ಜನರ ಮುಂದೆ ನಿಂತಾಗ ಹಾಗಲ್ಲ. ಹಾಡು ನಡುವಿಗೆ ಬಂದಾಗ ಹಾಡುವವನು ಹಿಂದೆ ಸರಿಯುತ್ತಾನೆ, ಇವನು ಮುಂದೆ ಬರುತ್ತಾನೆ. ಆಮೇಲೆ ಅವನು ಏನು ಬಾರಿಸುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ನಮ್ಮ ಸಂಗೀತಗಾರರು ಆಲಾಪನೆಗೆ ಕೂತಾಗ ಮನಸ್ಸು ಬಂದ ಕಡೆ ಹೋಗುತ್ತಾರಲ್ಲ, ಅದೇ. ನಿನ್ನೆಯದು ಇವತ್ತಿಲ್ಲ, ಇವತ್ತಿನದು ನಾಳೆಯಿಲ್ಲ. ಸಭೆಯಲ್ಲಿ ಯಾರಾದರೂ ಕದ್ದು ಟೇಪು ಮಾಡಿಕೊಂಡರೆ ಉಂಟು, ಇಲ್ಲವಾದರೆ ಹೋಯಿತು. ಹಾಗೆ ಕದ್ದದ್ದನ್ನು ಕೂಡಿಡುವುದೇ ನಮ್ಮಿಬ್ಬರ ಹುಚ್ಚು.

ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ಕೊಡಗನ್ನು ಅದಕ್ಕೆ ಸೇರಿಸಿ ವರ್ಷಗಳಾಗಿದ್ದರೂ ನಮ್ಮ ಅಪ್ಪ ರಸ್ತೆಯಲ್ಲಿ ಗುಂಡಿ ಕಂಡಾಗಲೆಲ್ಲ ಮೈಸೂರಿನವರನ್ನು ಬೈಯುತ್ತಿದ್ದರು. ನಾನು ಸುಂಟಿಕೊಪ್ಪದ ಶಾಲೆಯಲ್ಲಿ ಟೀಚರ್. ಮನೆ ಪೇಟೆಯಿಂದ ಸ್ವಲ್ಪ ಒಳಗೆ, ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ಅವ್ವ ನಾವು ಚಿಕ್ಕವರಿರುವಾಗಲೇ ತೀರಿಹೋಗಿದ್ದರು. ಮನೆಯಲ್ಲಿ ಇದ್ದದ್ದು ಅಪ್ಪ ಮತ್ತು ನಾನು.

ಒಬ್ಬ ಅಣ್ಣನಿದ್ದ. ಅವನು ತೋಟ ನೋಡಿಕೊಳ್ಳಬೇಕೆಂದು ಅಪ್ಪ ಅಂದುಕೊಂಡಿದ್ದರು, ಅವನು ಹಡಗಿನ ಕೆಲಸ ಹಿಡಿದ. ‘ಹೋದರೆ ಈ ಮೆಟ್ಟಿಲು ಹತ್ತಬೇಡ’ ಅಂದರು ಅಪ್ಪ. ಅವನು ಹೋದ, ಹತ್ತಲಿಲ್ಲ. ಆಮೇಲೆ ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಒಂದು ಸಲ ರಜೆಯಲ್ಲಿ ಮಡಿಕೇರಿ ಬಸ್‌ಸ್ಟ್ಯಾಂಡಿನವರೆಗೆ ಬಂದವನು ನನ್ನನ್ನು ಅಲ್ಲಿಗೇ ಕರೆಸಿಕೊಂಡು, ಸೆಲ್ಲು ಹಾಕಿ ಓಡಿಸುವ ಒಂದು ಸಣ್ಣ ಕ್ಯಾಸೆಟ್ ಟೇಪ್ ರೆಕಾರ್ಡರು ಕೈಯಲ್ಲಿಟ್ಟು, ಮುಂದಿನ ಬಸ್ಸಿಗೆ ಮಂಗಳೂರಿಗೆ ಇಳಿದುಹೋದ. ಅದರೊಳಗೆ ಒಂದು ಕ್ಯಾಸೆಟ್ಟು. ಯಾವುದೋ ದೂರದ ಬಂದರಿನಲ್ಲಿ ಹಡಗು ನಿಂತಿದ್ದಾಗ ಆ ಗಿಟಾರಿನವನ ಕಾರ್ಯಕ್ರಮವಿತ್ತಂತೆ. ನನ್ನ ಹುಚ್ಚು ಗೊತ್ತಿದ್ದ ಅಣ್ಣ ಮೆಷಿನನ್ನು ಕೋಟಿನೊಳಗೆ ಅಡಗಿಸಿಕೊಂಡು ಹೋಗಿ ಕೂತು ನನಗೋಸ್ಕರ ಟೇಪು ಮಾಡಿದ್ದ.

ಒಂದು ಮಗ್ಗುಲು ತುಂಬ ಅದೇ ಇತ್ತು. ಶುರುವಿನಲ್ಲಿ ಗಿಟಾರಿನವನು ಒಂದೇ ಸ್ವರವನ್ನು ಹಿಡಿದು ಬಿಡಲೊಲ್ಲ ಅನ್ನುವ ಹಾಗೆ ಎಳೆಯುತ್ತಾನೆ, ಆಮೇಲೆ ಎಲ್ಲೆಲ್ಲಿಗೋ ಹೋಗುತ್ತಾನೆ, ಇನ್ನು ವಾಪಸು ಬರುವುದಿಲ್ಲ ಅನ್ನುವಾಗ ಬರುತ್ತಾನೆ. ಜನ ಹೋ ಎಂದು ಕೂಗುತ್ತಾರೆ. ಆ ಕೂಗಿನ ನಡುವೆ, ಮೈಕಿಗೆ ಬಾಯಿ ಹಚ್ಚಿದಷ್ಟು ಹತ್ತಿರದಲ್ಲಿ, ಅಣ್ಣನ ದನಿ. ‘ಅಯ್ಯೊ ದೇವ್ರೆ, ಹಿಂಗೂ ಉಟ್ಟಾ!’ ನಮ್ಮ ಅರೆಭಾಷೆಯಲ್ಲಿ ‘ಇದೆ’ ಅನ್ನುವುದಕ್ಕೆ ‘ಉಟ್ಟು’ ಅನ್ನುತ್ತೇವೆ. ಅಷ್ಟು ಸಾವಿರ ಬಿಳಿಯರ ನಡುವೆ ಕೂತು, ಹೀಗೂ ಇದೆಯಾ ಎಂದು ಯಾರನ್ನು ಕೇಳಿದನೋ. ಅಲ್ಲಿಗೆ ಟಕ್ ಎಂದು ಟೇಪು ನಿಲ್ಲುತ್ತದೆ.

ಸಂಜೆ ಶಾಲೆಯಿಂದ ಬಂದು ನಾನು ಅದನ್ನು ಹಾಕಿದರೆ ಅಪ್ಪ ಜಗಲಿಯಲ್ಲಿ ಎಲೆಅಡಿಕೆ ಜಗಿಯುತ್ತ ಬೈಯುತ್ತಿದ್ದರು. ದುಬಾರೆಯಲ್ಲಿ ಹೊಸದಾಗಿ ಹಿಡಿದು ಕಟ್ಟಿದ ಆನೆ ಹೀಗೇ ಕೂಗುವುದಂತೆ. ನಮ್ಮ ಮದುವೆಯ ವಾಲಗದವರನ್ನು ಕರೆದರೆ ಇದಕ್ಕಿಂತ ಚೆನ್ನಾಗಿ ಊದುತ್ತಾರಂತೆ. ಆದರೆ ಎದ್ದು ಹೋಗುತ್ತಿರಲಿಲ್ಲ. ಕೊನೆ ಹತ್ತಿರ ಬಂದಾಗ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ಅಣ್ಣನ ದನಿ ಬಂದು ಹೋದ ಮೇಲೆ ಉಗುಳಿ, ‘ಮುಗ್ತಾ ನಿನ್ನ ಗಲಾಟೆ?’ ಎಂದು ಕೇಳಿ ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ಅಪ್ಪ ಕಾದು ಕೂರುತ್ತಿದ್ದದ್ದು ಗಿಟಾರಿಗಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನನಗೂ ತಿಳಿದಿತ್ತು. ತಿಳಿದದ್ದು ತಲೆಯಲ್ಲಿ ನಿಲ್ಲಬೇಕಲ್ಲ, ತಲೆ ತುಂಬ ಅಮ್ಮತ್ತಿಯ ಬೀರು ತುಂಬಿಕೊಂಡಿತ್ತು.

ಗೆಳತಿಯ ಮೈದುನ ಲಂಡನ್ನಿನಲ್ಲಿದ್ದ. ಗಿಟಾರಿನವನು ಆ ಊರಿಗೆ ಬಂದಾಗಲೆಲ್ಲ ಹೋಗಿ ಟೇಪು ಮಾಡಿ ಸ್ಪೂಲು ಕಳಿಸುತ್ತಿದ್ದ. ಹೊಸದು ಬಂದ ಕೂಡಲೇ ಅವಳು ನನಗೆ ಒಂದು ಕಾರ್ಡು ಹಾಕುತ್ತಿದ್ದಳು, ‘ಬಂತು, ಬಾ.’ ಆ ಎರಡು ಮಾತು ಓದಿದರೆ ನನಗೆ ಊಟ ಸೇರುತ್ತಿರಲಿಲ್ಲ. ಶನಿವಾರ ಶಾಲೆ ಅರ್ಧ ದಿನ. ಗಂಟೆ ಹೊಡೆದ ಕೂಡಲೇ ಬಸ್ಸು ಹತ್ತಿ, ಚೆಟ್ಟಳ್ಳಿ, ಸಿದ್ದಾಪುರ ದಾಟಿ ಅವಳ ಮನೆ ಮುಟ್ಟುವಾಗ ಮಧ್ಯಾಹ್ನ ಇಳಿದಿರುತ್ತಿತ್ತು. ಕಾಫಿ, ಕೇಕು, ಅತ್ತೆಯ ಸುದ್ದಿ, ನಾಯಿಯ ಸುದ್ದಿ. ನಾನು ಹೂಂಗುಟ್ಟುತ್ತ ಬೀರುವನ್ನೇ ನೋಡುತ್ತಿದ್ದೆ. ಅವಳಿಗೂ ಅದು ಗೊತ್ತಿತ್ತು, ಬೇಕೆಂದೇ ಇನ್ನೊಂದು ಲೋಟ ಕಾಫಿ ಬಗ್ಗಿಸುತ್ತಿದ್ದಳು. ಒಂದು ಸ್ಪೂಲಿನಲ್ಲಿ ಗಿಟಾರಿನವನ ತಂತಿ ಕಿತ್ತುಹೋಗುತ್ತದೆ. ಅವನು ನಿಲ್ಲಿಸದೆ ಉಳಿದ ತಂತಿಗಳಲ್ಲೇ ದಾರಿ ಹುಡುಕಿಕೊಂಡು ಹೋಗುತ್ತಾನೆ. ಅದನ್ನು ಕೇಳಿ ನಾನು ಬಾಯಿಬಿಟ್ಟು ಕೂತಿದ್ದರೆ ಅವಳು ಸೋಫಾದ ಕವರು ಸರಿಮಾಡುತ್ತಿದ್ದಳು. ಅಂಥದ್ದು ಇಂಥವಳಿಗೆ ಸಿಗಬೇಕೇ ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

ಒಂದು ಡಿಸೆಂಬರಿನಲ್ಲಿ ನನ್ನ ಕ್ಯಾಸೆಟ್ಟನ್ನು ತೆಗೆದುಕೊಂಡು ಹೋಗಿ ಅವಳಿಗೆ ಕೇಳಿಸಿದೆ. ನನ್ನಲ್ಲೂ ಒಂದು ಇದೆ ಎಂದು ತೋರಿಸಬೇಕಿತ್ತು. ಅವಳು ಪೂರ್ತಿ ಕೇಳಿದಳೋ ಇಲ್ಲವೋ, ನಡುವೆ ಎರಡು ಸಲ ಅಡುಗೆಮನೆಗೆ ಹೋಗಿ ಬಂದಳು.

“ಚೆನ್ನಾಗುಂಟು ಮಾರಾಯ್ತಿ. ಆದ್ರೆ ಕೊನೇಲಿ ಯಾರೋ ಮಾತಾಡ್ತಾರಲ್ಲ, ಹಾಳು ಮಾಡಿಟ್ಟಿದ್ದಾರೆ. ಯಾರದು?”

“ಯಾರೋ. ಪಕ್ಕದಲ್ಲಿ ಕೂತವನಿರ್ಬೇಕು” ಅಂದೆ.

“ನಮ್ಮ ಲಂಡನ್ನಿನದು ಯಾವುದ್ರಲ್ಲೂ ಹೀಗೆ ಇಲ್ಲ ನೋಡು. ಅಲ್ಲಿಯವ್ರು ಉಸಿರು ಬಿಡದೆ ಕೇಳ್ತಾರೆ.”

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಬೇರೆಯವರ ಸ್ಪೂಲುಗಳು ತೊಳೆದಿಟ್ಟ ಹಾಗಿರುವಾಗ ನನ್ನದರಲ್ಲಿ ಮಾತ್ರ ನಮ್ಮೂರಿನವನೊಬ್ಬ ‘ಹಿಂಗೂ ಉಟ್ಟಾ’ ಅನ್ನಬೇಕಿತ್ತೇ. ಅಣ್ಣ ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಬಸ್ಸಿನುದ್ದಕ್ಕೂ ಬೈದುಕೊಂಡೆ.

ಅವತ್ತು ನಾನು ಕೈಬೀಸಿಕೊಂಡೇ ವಾಪಸು ಹೊರಟಿದ್ದೆ. ತಂತಿ ಕಿತ್ತುಹೋದದ್ದನ್ನು ನನ್ನ ಕ್ಯಾಸೆಟ್ಟಿನ ಖಾಲಿ ಮಗ್ಗುಲಿಗೆ ಹಾಕಿಕೊಡೆಂದು ಅವಳ ಹತ್ತಿರ ಅಂಗಲಾಚಿದ್ದೆ, ಅವಳು ಒಪ್ಪಿದ್ದಳು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಅದು ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯ. ಹಣ್ಣು ಅಳೆದು ಮುಗಿದು ಪಲ್ಪರ್ ಶುರುವಾಗಿತ್ತು. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ. ಅವಳ ಎಸ್ಟೇಟಿಗೆ ಆಗಿನ್ನೂ ಲೈನಿನ ಕರೆಂಟು ಬಂದಿರಲಿಲ್ಲ, ಒಂದೇ ಡೀಸೆಲ್ ಇಂಜಿನ್ನು. ಒಂದು ಬೆಲ್ಟಿನಲ್ಲಿ ಪಲ್ಪರ್, ಇನ್ನೊಂದು ಬೆಲ್ಟಿನಲ್ಲಿ ಬಂಗಲೆಗೆ ಕರೆಂಟು. ಪಲ್ಪರ್ ಶುರುವಾದ ಕೂಡಲೇ ಬಂಗಲೆಯ ಬಲ್ಬುಗಳೆಲ್ಲ ಹಳದಿಗೆ ತಿರುಗುತ್ತಿದ್ದವು. ‘ಮೆಷಿನ್ ಇಲ್ಲೇ ಬಿಟ್ಟು ಹೋಗು, ಮುಂದಿನ ವಾರ ತಕ್ಕೊಂಡು ಹೋಗು’ ಅಂದಳು. ಬಿಟ್ಟು ಬಂದೆ.

ಮುಂದಿನ ವಾರ ಸಿಕ್ಕಿದ ನಕಲು ಕೇಳಿ ನನ್ನ ಪಿತ್ತ ನೆತ್ತಿಗೇರಿತು. ಅವಳ ಸ್ಪೂಲಿನಲ್ಲಿ ಬೆಂಕಿ ಕಾರುತ್ತಿದ್ದ ಗಿಟಾರು ನನ್ನ ಕ್ಯಾಸೆಟ್ಟಿನಲ್ಲಿ ತೂಕಡಿಸುತ್ತಿತ್ತು. ಸ್ವರವೂ ಇಳಿದಿತ್ತು, ಓಟವೂ ಇಳಿದಿತ್ತು. ಒಳ್ಳೆಯದನ್ನು ತಾನಿಟ್ಟುಕೊಂಡು ನನಗೆ ಹೊಟ್ಟು ಕೊಟ್ಟಿದ್ದಾಳೆ ಎಂದು ಖಾತ್ರಿಯಾಯಿತು. ಹೇಗೆ ಮಾಡಿದಳೋ ಗೊತ್ತಿಲ್ಲ, ಏನೋ ತಿರುಗಿಸಿ ಮಾಡಿದ್ದಾಳೆ. ಕೇಳುವುದಕ್ಕೆ ಸ್ವಾಭಿಮಾನ ಬಿಡಲಿಲ್ಲ.

ಬೇಸಿಗೆ ರಜೆಯಲ್ಲಿ ಮತ್ತೊಂದು ಕಾರ್ಡು ಬಂತು. ಹೂಮಳೆ ಬಿದ್ದು ಕಾಫಿ ಹೂವೆಲ್ಲ ಉದುರಿದ್ದ ಸಮಯ. ‘ಬಂತು, ಬಾ’ ಅಲ್ಲ, ‘ಸಿಕ್ಕಿತು, ಬಾ.’ ಹೋದೆ. ಹಳೆಯದೊಂದು ಲಂಡನ್ ಸ್ಪೂಲನ್ನು ಅಕಸ್ಮಾತ್ತಾಗಿ ತಿರುಗಿಸಿ ಹಾಕಿದ್ದಳಂತೆ. ಹಿಂದಿನ ಮಗ್ಗುಲಿನಲ್ಲಿ ಇನ್ನೊಂದು ಸಂಜೆಯ ಕಾರ್ಯಕ್ರಮವೇ ಇತ್ತಂತೆ. ‘ಮೈದುನ ಹೇಳೇ ಇಲ್ಲ ನೋಡು!’ ಅಂದಳು.

ಆಹಾ, ಏನದು! ನನ್ನ ಕ್ಯಾಸೆಟ್ಟಿನಲ್ಲಿದ್ದ ಹಾಡೇ. ಆದರೆ ಇಲ್ಲಿ ಗಿಟಾರಿನವನ ಮೈಮೇಲೆ ದೇವರು ಬಂದಿತ್ತು. ಸ್ವರ ಮೇಲೆ ಕೂತಿತ್ತು, ಬೆರಳು ನೆಲ ಮುಟ್ಟುತ್ತಿರಲಿಲ್ಲ. ಅಲ್ಲಲ್ಲಿ ನನ್ನದರಲ್ಲಿದ್ದ ತಿರುವುಗಳೇ ಬರುತ್ತಿದ್ದವು. ಆ ಬಂದರಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ ಲಂಡನ್ನಿನಲ್ಲಿ ಸರಿಯಾಗಿ ಬಾರಿಸಿದ್ದಾನೆ ಎಂದು ಅಂದುಕೊಂಡು ಇನ್ನಷ್ಟು ಉರಿದೆ. ಹಿಂದೆ ಗುಂಯ್ ಎಂದು ಒಂದೇ ಸಮನೆ ಒಂದು ಸದ್ದು. ಲಂಡನ್ನಿನ ಸಭಾಂಗಣ ಅಷ್ಟು ದೊಡ್ಡದು, ಗಾಳಿಯೇ ಸದ್ದು ಮಾಡುತ್ತದೆ ಎಂದು ಇಬ್ಬರೂ ತಲೆಯಾಡಿಸಿದೆವು. ಮುಗಿಯುವ ಮೊದಲೇ ಬಸ್ಸಿನ ಹೊತ್ತಾಯಿತು.

“ಕೊನೇಲಿ ಒಂದು ತಮಾಷೆ ಉಂಟು” ಅಂದಳು ಗೇಟಿನ ತನಕ ಬಂದು. “ಯಾವುದೋ ಮಗು ಕಿರುಚುತ್ತೆ. ಅಲ್ಲಿ ಮಕ್ಳನ್ನೂ ಕರ್ಕೊಂಡು ಹೋಗ್ತಾರೆ ಕಾಣ್ತದೆ.”

ಇಂಥದ್ದನ್ನು ಕೇಳುತ್ತ ಬೆಳೆಯುವ ಆ ಲಂಡನ್ನಿನ ಮಗುವಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾನು ಅದರ ವಯಸ್ಸಿನಲ್ಲಿ ಗದ್ದೆಯಲ್ಲಿ ಏಡಿ ಹಿಡಿಯುತ್ತಿದ್ದೆ.

ಅದು ನನಗೆ ಬೇಕೇ ಬೇಕಾಯಿತು. ಆದರೆ ಖಾಲಿ ಕ್ಯಾಸೆಟ್ಟು ಆಗ ನಮ್ಮ ಕಡೆ ಎಲ್ಲಿ ಸಿಗಬೇಕು? ಮಡಿಕೇರಿಯ ಅಂಗಡಿಯವರಿಗೆ ಅದರ ಹೆಸರೇ ಗೊತ್ತಿರಲಿಲ್ಲ, ಬೊಂಬಾಯಿಯಿಂದ ಬರಬೇಕು. ಇದ್ದದ್ದು ಒಂದೇ ಕ್ಯಾಸೆಟ್ಟು. ಒಂದು ಮಗ್ಗುಲಲ್ಲಿ ತೂಕಡಿಸುವ ತಂತಿ, ಇನ್ನೊಂದು ಮಗ್ಗುಲಲ್ಲಿ ಅಣ್ಣ ತಂದದ್ದು. ಹೊಸದು ಬೇಕಿದ್ದರೆ ಒಂದನ್ನು ಅಳಿಸಬೇಕು. ನಮ್ಮ ಹುಚ್ಚಿನ ಕಟ್ಟಳೆಯೇ ಅದಾಗಿತ್ತು, ಅವಳೂ ಎಷ್ಟೋ ಸಲ ಹಾಗೆ ಮಾಡಿದ್ದಳು. ತೂಕಡಿಸಿದರೂ ತಂತಿ ಕಿತ್ತದ್ದು ಲೋಕದಲ್ಲಿ ಒಂದೇ. ಅಣ್ಣನದು? ಅದೇ ಹಾಡು ಅದಕ್ಕಿಂತ ಚೆನ್ನಾಗಿ ಲಂಡನ್ನಿನದರಲ್ಲಿತ್ತು, ಮೇಲಿಂದ ಇದರಲ್ಲಿ ಮಾತು ಬೇರೆ. ಮುಂದಿನ ಶನಿವಾರ ಅವಳ ಹಾಲಿನಲ್ಲಿ ಕೂತು ನಾನೇ ವೈರು ಸಿಕ್ಕಿಸಿ ನಾನೇ ಗುಂಡಿ ಒತ್ತಿದೆ. ಅವಳ ಸ್ಪೂಲು ತಿರುಗಿತು, ನನ್ನ ಕ್ಯಾಸೆಟ್ಟೂ ತಿರುಗಿತು. ಸದ್ದು ಕಡಿಮೆ ಮಾಡಿಟ್ಟು ಅವಳ ಅತ್ತೆಯೊಂದಿಗೆ ಜಗಲಿಯಲ್ಲಿ ಕೂತು ಕಾಫಿ ಕುಡಿದೆ.

ಸಂಜೆ ಮನೆಗೆ ಬಂದು ಮುಖ ತೊಳೆಯುವ ಮೊದಲೇ ಟೇಪು ಹಾಕಿದೆ. ಅಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದರು. ಗಿಟಾರು ಹಾರಿತು, ಏರಿತು. ನಾನು ಗೆದ್ದೆ ಎಂದುಕೊಂಡು ಗೋಡೆಗೆ ಒರಗಿ ಕೂತೆ. ಕೊನೆ ಬಂತು, ಜನ ಕೂಗಿದರು, ಅಪ್ಪ ಜಗಿಯುವುದನ್ನು ನಿಲ್ಲಿಸಿದರು. ಆಗ ಕಿರಿಕಿರಿ ಎಂದು ಒಂದು ಮಗುವಿನ ದನಿ. ‘ಅಯ್ಯೊ ದೇವ್ರೆ, ಹಿಂಗೂ ಉಟ್ಟಾ!’

ಲಂಡನ್ನಿನ ಮಗುವಿಗೆ ಅರೆಭಾಷೆ ಹೇಗೆ ಬಂತು ಎಂದು ಒಂದು ಕ್ಷಣ ಪೆದ್ದಿಯ ಹಾಗೆ ಕೂತಿದ್ದೆ. ಆಮೇಲೆ ತಿಳಿಯಿತು, ಅದು ಅಣ್ಣನೇ. ನನ್ನದನ್ನೇ ನಾನು ಕಂಡು ಉರಿದಿದ್ದೆ. ನನ್ನದನ್ನೇ ಬೇಡಿ ತಂದು, ಅದನ್ನು ಹಾಕಿಸಿಕೊಳ್ಳಲಿಕ್ಕೆ ನನ್ನದನ್ನೇ ಅಳಿಸಿದ್ದೆ.

“ಅದ್ ಯಾರ ಹೈದ?” ಎಂದು ಜಗಲಿಯಿಂದ ಅಪ್ಪ ಕೇಳಿದರು. ಯಾರ ಹುಡುಗ ಅದು ಎಂದು.

ನಾನು ಮೆಷಿನು ಆರಿಸಿ ಒಳಗಿಟ್ಟೆ. ಮರುದಿನ ನಾನು ಟೇಪು ಹಾಕಲಿಲ್ಲ. ಅದರ ಮರುದಿನವೂ ಹಾಕಲಿಲ್ಲ. ಬೈಯುವುದಕ್ಕೆ ಏನೂ ಇಲ್ಲದೆ ಅಪ್ಪ ಎಲೆಅಡಿಕೆಯ ತಟ್ಟೆಯನ್ನು ಆಚೀಚೆ ಮಾಡುತ್ತ ಕೂತರು. ಕೊನೆಗೆ ಅವರೇ, “ಎಂತ, ಆನೆ ಸತ್ತ್ ಹೋತಾ?” ಅಂದರು. ಹಾಕಿದೆ. ಮುಗಿದ ಮೇಲೆ ಬಾಗಿಲಿಗೆ ಬಂದು ನಿಂತರು.

“ಎಂತಕೆ ಅವ ಮಾತಾಡಿಲ್ಲೆ?”

ಅಷ್ಟು ವರ್ಷಗಳಲ್ಲಿ ಅಪ್ಪ ಅಣ್ಣನನ್ನು ‘ಅವ’ ಅಂದದ್ದು ಅದೇ ಮೊದಲು. ಇರುವುದನ್ನೆಲ್ಲ ಹೇಳಿದೆ. ಮಾತಾಡಿದ ಹುಡುಗ ಅವನೇ, ಹೇಗೋ ದನಿ ಕೆಟ್ಟುಹೋಗಿದೆ ಅಂದೆ. ಅಪ್ಪ ಇನ್ನೊಂದು ಸಲ ಹಾಕಿಸಿ ಕೇಳಿದರು. “ಅಲ್ಲ, ಅದ್ ಅವ ಅಲ್ಲ” ಎಂದು ಕೊಟ್ಟಿಗೆಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸೆಲ್ಲು ಇಳಿದರೆ ಮೆಷಿನು ನಿಧಾನವಾಗುತ್ತದೆ ಎಂದು ಗೊತ್ತಿತ್ತು. ಹಳೆಯ ಸೆಲ್ಲುಗಳನ್ನು ಹುಡುಕಿ ಹಾಕಿ ನೋಡಿದೆ. ದನಿ ಇಳಿಯಿತು, ಆದರೆ ಕುಡಿದವನ ಹಾಗೆ ತೂರಾಡಿತು. ಅಪ್ಪ ಕೈಯಾಡಿಸಿ ನಿಲ್ಲ್‌ಸು ಅಂದರು.

ಅಮ್ಮತ್ತಿಗೆ ಜಗಳಕ್ಕೇ ಹೋದೆ. ನನ್ನ ಟೇಪು ಕದ್ದು, ಅದನ್ನು ಲಂಡನ್ನಿನದೆಂದು ನನಗೇ ತೋರಿಸಿ ಮೆರೆದಿದ್ದಾಳೆ. ಬಸ್ಸಿನಲ್ಲಿ ಮಾತುಗಳನ್ನೆಲ್ಲ ಒಂದೊಂದಾಗಿ ಮಸೆದಿಟ್ಟುಕೊಂಡೆ. ಮಳೆಗಾಲ ಹಿಡಿದಿತ್ತು, ಒದ್ದೆ ಕೊಡೆ ಹಿಡಿದುಕೊಂಡೇ ಹಾಲಿಗೆ ನುಗ್ಗಿ ಅಂದುಬಿಟ್ಟೆ. ಅವಳು ಕಣ್ಣು ಕಣ್ಣು ಬಿಟ್ಟಳು. ಅವಳ ಗಂಡ ಒಳಗಿನಿಂದ ಬಂದರು. ಪಾಪ, ಆ ಮನುಷ್ಯನಿಗೆ ಗಿಟಾರೂ ಒಂದೇ, ಪಲ್ಪರೂ ಒಂದೇ.

“ಅಯ್ಯೋ ಟೀಚರ್, ಅದು ನಾನು ಮಾಡಿದ್ದು. ನೀವು ಡಿಸೆಂಬರಲ್ಲಿ ಮೆಷಿನ್ ಬಿಟ್ಟು ಹೋಗಿದ್ರಲ್ಲ? ಇವಳಿಗೆ ಒಂದು ಸರ್‌ಪ್ರೈಸ್ ಇರ್ಲಿ ಅಂತ ನಿಮ್ಮದನ್ನ ಒಂದು ಸ್ಪೂಲಿನ ಹಿಂದೆ ಹಾಕಿಟ್ಟಿದ್ದೆ. ಪಿಕ್ಕಿಂಗ್ ಗಲಾಟೇಲಿ ಮರ್ತೇ ಹೋಯ್ತು.”

“ಹಾಗಾದ್ರೆ ನನ್ನ ಟೇಪು ಮಗುವಿನ ಹಾಗೆ ಯಾಕೆ ಕೂಗುತ್ತೆ?”

ಅವರು ನಕ್ಕರು. “ಪಲ್ಪರ್ ಓಡ್ತಿತ್ತಲ್ಲ. ಪಲ್ಪರ್ ಓಡುವಾಗ ಇಂಜಿನ್ ಬಗ್ಗುತ್ತೆ, ನಮ್ಮ ದೊಡ್ಡ ಮೆಷಿನೂ ನಿಧಾನ ಆಗುತ್ತೆ. ನಿಮ್ಮದು ಸೆಲ್ಲಿಂದು, ಅದಕ್ಕೆ ಏನೂ ಆಗಲ್ಲ. ನಿಧಾನ ಹಿಡ್ಕೊಂಡದ್ದನ್ನ ಈಗ ಜೋರಾಗಿ ಬಿಟ್ರೆ ಕಿರುಚದೆ ಇನ್ನೇನು ಮಾಡ್ತದೆ?”

ನನಗೆ ಸಿಕ್ಕಿದ ತಂತಿ ತೂಕಡಿಸಿದ್ದಕ್ಕೂ ಅದೇ ಪಲ್ಪರ್ ಕಾರಣ. ಲಂಡನ್ನಿನ ಸಭಾಂಗಣದ ಗುಂಯ್ ಸದ್ದೂ ಅದೇ. ನಾನು ಮಸೆದಿಟ್ಟ ಮಾತುಗಳಲ್ಲಿ ಉಳಿದವು ಯಾವುದಕ್ಕೂ ಬಾರದೆ ಹೋದವು. ಗೆಳತಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಆ ದನಿ ನನ್ನ ಅಣ್ಣನದು ಅಂದೆ, ಅಪ್ಪನ ವಿಷಯವೂ ಹೇಳಿದೆ. ಅವಳ ನಗು ನಿಂತಿತು.

ಅವಳ ಗಂಡ ಕೂಡಲೇ ಇಂಜಿನ್ ಶೆಡ್ಡಿಗೆ ಹೋಗಿ ಕೈಯಲ್ಲೇ ವೇಗ ಇಳಿಸಿ ನೋಡಿದರು. ದನಿ ಇಳಿದೂ ಇಳಿದೂ ಏರಿತು, ಒಂದು ಬಲ್ಬು ಸುಟ್ಟಿತು. ಖಾಲಿ ಪಲ್ಪರನ್ನೇ ಓಡಿಸಿದರೆ ಇಂಜಿನ್ನಿಗೆ ಅದರ ಭಾರ ಗೊತ್ತೇ ಆಗುವುದಿಲ್ಲವಂತೆ. ಹಣ್ಣು ಬೇಕು, ಹಣ್ಣಿಗೆ ಡಿಸೆಂಬರೇ ಆಗಬೇಕು.

“ಸ್ಪೂಲು ನೀನೇ ಇಟ್ಕೋ ಮಾರಾಯ್ತಿ” ಅಂದಳು ಗೆಳತಿ. ಅವಳು ಏನನ್ನಾದರೂ ನನಗೆ ಪೂರ್ತಿ ಕೊಡಲು ಬಂದದ್ದು ಅದೇ ಮೊದಲು. ತಕ್ಕೊಂಡು ಏನು ಮಾಡಲಿ? ಅವಳ ಮೆಷಿನು ಬೇಕು, ಅವಳ ಇಂಜಿನು ಬೇಕು, ಅವಳ ತೋಟದ ಹಣ್ಣು ಬೇಕು. ನನ್ನ ಅಣ್ಣ ಅಣ್ಣನ ಹಾಗೆ ಮಾತಾಡಬೇಕಿದ್ದರೆ ಅವಳ ಮನೆಯಲ್ಲೇ ಮಾತಾಡಬೇಕು. ಇದಕ್ಕಿಂತ ಹೊಟ್ಟೆ ಉರಿಯುವುದು ಇನ್ನೇನಿದೆ.

ಅಪ್ಪನಿಗೆ ಹೇಳಿದೆ. ಆ ಮಳೆಗಾಲವಿಡೀ ಅವರು ಸಂತೆಗೆ ಹೋದಾಗಲೆಲ್ಲ ಅಮ್ಮತ್ತಿ ಕಡೆಯವರು ಸಿಕ್ಕಿದರೆ ನಿಲ್ಲಿಸಿ ವಿಚಾರಿಸುತ್ತಿದ್ದರು, ನಿಮ್ಮಲ್ಲಿ ಕಾಯಿ ಹೇಗುಂಟು, ಕೊಳೆರೋಗ ಉಂಟಾ, ಈ ಸಲ ಬೇಗ ಹಣ್ಣಾದೀತಾ ಎಂದು. ನಮ್ಮ ಸ್ವಂತ ಕಾಫಿಯ ಬಗ್ಗೆ ಅಷ್ಟು ಕೇಳಿದವರಲ್ಲ.

ಡಿಸೆಂಬರಿನ ಒಂದು ಶನಿವಾರ ಇಬ್ಬರೂ ಹೋದೆವು. ಅಪ್ಪ ಬಿಳಿ ಅಂಗಿ ಹಾಕಿದ್ದರು. ಗೆಳತಿ ಅವರನ್ನು ‘ಬನ್ನಿ ಅಂಕಲ್’ ಎಂದು ಸೋಫಾದಲ್ಲಿ ಕೂರಿಸಿದಳು. ಅಪ್ಪ ಅದರ ತುದಿಯಲ್ಲಿ, ಬಸ್ಸು ಕಾಯುವವರ ಹಾಗೆ ಕೂತರು. ಹಣ್ಣು ಅಳೆಯುವುದು ಮುಗಿಯಿತು. ಶೆಡ್ಡಿನ ಕಡೆಯಿಂದ ಪಲ್ಪರಿನ ಸದ್ದು ಎದ್ದಿತು, ಬಲ್ಬುಗಳು ಹಳದಿಯಾದವು. ಗೆಳತಿ ಸ್ಪೂಲು ಹಾಕಿದಳು.

ಗಿಟಾರು ಕೆಳಗೆ ಇಳಿದು ತನ್ನ ಜಾಗದಲ್ಲಿ ಕೂತಿತು. ಅದೇ ಸ್ವರವನ್ನು ಹಿಡಿದು, ಬಿಡಲೊಲ್ಲದೆ ಎಳೆಯಿತು. ನನಗೆ ಆಗ ತಿಳಿಯಿತು, ಇದೇ ಚೆನ್ನಾಗಿತ್ತು. ಹಾರಾಡಿದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತು. ಅಪ್ಪ ಆನೆಯ ಮಾತೆತ್ತಲಿಲ್ಲ. ಗೆಳತಿ ಕೂಡ ಒಮ್ಮೆಯೂ ಅಡುಗೆಮನೆಗೆ ಹೋಗಲಿಲ್ಲ. ಕೊನೆ ಬಂತು, ಜನ ಕೂಗಿದರು.

‘ಅಯ್ಯೊ ದೇವ್ರೆ, ಹಿಂಗೂ ಉಟ್ಟಾ!’

ಅವನೇ. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ತಲೆಗೆ ಮೊಟಕಿ ಹೋದ ಅವನೇ.

“ಉಟ್ಟು, ಉಟ್ಟು” ಅಂದರು ಅಪ್ಪ, ಮೆಷಿನಿಗೆ.

ಆಮೇಲೆ ಗೆಳತಿಯ ಕಡೆ ತಿರುಗಿ, ಅವರಿಗೆ ಬರುತ್ತಿದ್ದ ಪೇಟೆಯ ಕನ್ನಡದಲ್ಲಿ, “ಇನ್ನೊಂದು ಸಲ ಆಗಬಹುದಾ ಅಮ್ಮ?” ಎಂದು ಕೇಳಿದರು. ಅವಳು ಪಲ್ಪರ್ ನಿಲ್ಲುವವರೆಗೂ ಮತ್ತೆ ಮತ್ತೆ ಹಾಕಿದಳು. ಆ ದಿನ ಬಸ್ಸಿನ ಹೊತ್ತು ಯಾರಿಗೂ ನೆನಪಾಗಲಿಲ್ಲ, ಅವಳ ಗಂಡನೇ ಜೀಪಿನಲ್ಲಿ ಬಿಟ್ಟುಹೋದರು.

ಮನೆಗೆ ಬಂದು ಲಾಟೀನು ಹಚ್ಚಿದ ಮೇಲೆ ಅಪ್ಪ, “ನಮ್ಮಲ್ಲಿ ಕೂಡ ಒಂದ್ ಪಲ್ಪರ್ ಹಾಕ್ಸೊಕು” ಅಂದರು. ನಮಗಿದ್ದ ಕಾಫಿಗೆ ಒಂದು ಒರಳು ಸಾಕಾಗಿತ್ತು. ಅಪ್ಪನ ಮುಖ ನೋಡಿದೆ. ಅಮ್ಮತ್ತಿಯ ಬೀರುವಿನ ಮುಂದೆ ಕೂತಾಗ ನನ್ನ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು.

“ಅವಂಗೆ ಪಲ್ಪರ್ ಎಂತಕೆ ಅಪ್ಪ? ಬಾ ಅಂದ್ರೆ ಬಂದದೆ” ಅಂದೆ, ಕರೆದರೆ ಬರುತ್ತಾನೆ ಎಂದು.

ಅಪ್ಪ ಲಾಟೀನಿನ ಬತ್ತಿ ಇಳಿಸಿದರು, ಏರಿಸಿದರು. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ದಿನಾ ಆ ಮನೆಯಲ್ಲಿ ಮಾತಾಡುತ್ತಿದ್ದವಳು ನಾನು. ಹಾಲು ಕರೆದೆನೆಂದು, ಗಂಜಿ ಆಯಿತೆಂದು, ಇವತ್ತು ಸಂಬಳ ಬಂತೆಂದು. ನನ್ನ ಮಾತಿಗೆ ಅಪ್ಪ ಒಂದು ದಿನವೂ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದ್ದಿಲ್ಲ. ಲಂಡನ್ನಿನ ಮಗು ಎಂದುಕೊಂಡು ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆನೋ, ಅವನು ಯಾರೆಂದು ತಿಳಿದ ಮೇಲೂ ಅದು ಆರಲಿಲ್ಲ, ಇನ್ನಷ್ಟು ಹತ್ತಿಕೊಂಡಿತು.

ಮುಂದಿನ ಶನಿವಾರ ಶಾಲೆಯ ಗಂಟೆ ಹೊಡೆದಾಗ ಹೊರಗೆ ಬಂದು ನೋಡಿದರೆ ಸುಂಟಿಕೊಪ್ಪದ ಬಸ್‌ಸ್ಟಾಪಿನಲ್ಲಿ ಅಪ್ಪ ನಿಂತಿದ್ದರು. ಬಿಳಿ ಅಂಗಿ, ಕ್ಷೌರ ಮಾಡಿದ ಮುಖ. ಕೈಯಲ್ಲಿ ಗೆಳತಿಯ ಮನೆಗೆಂದು ಒಂದು ಗೊನೆ ಬಾಳೆಹಣ್ಣು. ನಾನು ಆ ಶಾಲೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದ್ದೆ, ಮಳೆಯಲ್ಲಿ ನೆನೆದು ಬಂದ ದಿನಗಳೆಷ್ಟೋ. ಅಪ್ಪ ಬಸ್‌ಸ್ಟಾಪಿಗೆ ಬಂದು ನಿಂತದ್ದು ಅದೇ ಮೊದಲು.